ಸೀನಣ್ಣ ಕೊನೆಗೆ ಟ್ಯಾಪ್ ಮಾಡಿದ್ದು ಸರಿನಾ?

ಟ್ರಂಪ್‌ಕಾರ್ಡ್ ಗಿರಾಕಿ

ನಮ್ಮ ಓಣಿಯಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಯ ಜಾನ್ ಸೀನಾನನ್ನು ಯಾರೂ ಪೂರ್ತಿ ಹೆಸರಿಟ್ಟು ಕರೆದದ್ದಿಲ್ಲ. ಎಲ್ಲರಿಗೂ ಸೀನಣ್ಣ. ಪಕ್ಕದ ಮನೆಯಲ್ಲಿ ಒಬ್ಬ ನಿಜವಾದ ಸೀನಣ್ಣ ಇದ್ದರು. ಅವರು ಸೈಕಲ್ ಹತ್ತಿ ಹೊರಟಾಗಲೆಲ್ಲ ನಾವು ಸೀನಾ ಥರ ಮುಖದ ಮುಂದೆ ಕೈ ಆಡಿಸಿ ‘ಯು ಕಾಂಟ್ ಸೀ ಮೀ’ ಮಾಡುತ್ತಿದ್ದೆವು. ನೊಣ ಓಡಿಸುತ್ತಿದ್ದೇವೆ ಅಂತ ಅಂದುಕೊಂಡಿದ್ದರೋ ಏನೋ, ಪಾಪ.

ಟಿವಿಯ ಸೀನಣ್ಣ 2025ರ ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಕೊನೆಯ ಕುಸ್ತಿ ಆಡಿದ. ನಮಗೆ ಅದು ಭಾನುವಾರ ಬೆಳಿಗ್ಗೆ. ಎದುರಿಗೆ ಗುಂಥರ್. ಕೊನೆಯಲ್ಲಿ ಗುಂಥರ್ ಹಿಂದಿನಿಂದ ಕುತ್ತಿಗೆಗೆ ಕೈ ಬಿಗಿದ. ಸೀನಣ್ಣ ಒಂದು ಸಲ ಸಣ್ಣಗೆ ನಕ್ಕ. ಆಮೇಲೆ ಕೈ ಬಡಿದ, ಅಂದರೆ ಟ್ಯಾಪ್ ಮಾಡಿ ಸೋಲು ಒಪ್ಪಿದ. ಮುಗಿಯಿತು. 2002ರಲ್ಲಿ ಬಂದವನು, 17 ಸಲ ವರ್ಲ್ಡ್ ಚಾಂಪಿಯನ್ ಆದವನು, ‘ನೆವರ್ ಗಿವ್ ಅಪ್’ ಅಂತ ಟೀ ಶರ್ಟ್ ಮೇಲೆಲ್ಲ ಬರೆಸಿಕೊಂಡು ತಿರುಗಿದವನು, ಸಾಕಪ್ಪಾ ಅಂದುಬಿಟ್ಟ.

ಸೋಲಲಿ, ಬೇಡ ಅನ್ನುವುದಿಲ್ಲ. ಹೋಗುವವನು ಉಳಿಯುವವನಿಗೆ ಸೋತು ಹೋಗಬೇಕು ಅನ್ನುವುದು ಅಲ್ಲಿನ ಹಳೇ ಪದ್ಧತಿ. ಆದರೆ ಬೆನ್ನು ನೆಲಕ್ಕೊತ್ತಿ ಮೂರು ಎಣಿಸಿ ಸೋಲಿಸಬಹುದಿತ್ತಲ್ಲ? ಪ್ರಜ್ಞೆ ತಪ್ಪಿಸಬಹುದಿತ್ತಲ್ಲ? ಟ್ಯಾಪ್ ಯಾಕೆ? ಹಳೇ ಕಾಲದವರು, ಹೊಸಬರು ಇಬ್ಬರೂ ಹೇಳಿ.

ಕಬ್ಬಿಣದ ಕುರ್ಚಿ

ಫೇಕ್ ಆಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದಾ ಗುರು? ಮೇಲಿನವರು ಬರೆದುಕೊಟ್ಟರು, ಅವನು ಮಾಡಿದ, ಚೆಕ್ ತಗೊಂಡು ಮನೆಗೆ ಹೋದ.

ಹಳೇ ಕೇಬಲ್

ಕುರ್ಚಿಯವರೇ, ಅದು ಗುಟ್ಟೇ ಅಲ್ಲ. 1989ರಲ್ಲೇ ಕಂಪನಿಯವರು ನ್ಯೂಜೆರ್ಸಿ ಸೆನೆಟ್ ಮುಂದೆ ‘ಇದು ಸ್ಪರ್ಧೆ ಅಲ್ಲ, ಮನರಂಜನೆ’ ಅಂತ ತಾವೇ ಹೇಳಿದರು. ಕ್ರೀಡಾ ಆಯೋಗದ ತೆರಿಗೆ, ಕಟ್ಟುಪಾಡು ತಪ್ಪಿಸಿಕೊಳ್ಳುವುದಕ್ಕೆ. ನಾವು ಇನ್ನೂ ಕೇಬಲ್ ಹಾಕಿಸಿಕೊಳ್ಳುವ ಮೊದಲೇ ಆ ಚರ್ಚೆ ಮುಗಿದಿತ್ತು.

ಗಿರಾಕಿ ಅವರ ಪ್ರಶ್ನೆ ನನಗೆ ಹಿಡಿಸಿತು, ಯಾಕೆಂದರೆ ಇದಕ್ಕೆ ಹಳೇ ಉತ್ತರ ಒಂದಿದೆ. 1997ರ ಮಾರ್ಚ್ 23, ಷಿಕಾಗೊ ಪಕ್ಕದ ರೋಸ್‌ಮಾಂಟ್, ವರ್ಷಕ್ಕೊಮ್ಮೆ ಬರುವ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ 13. ಬ್ರೆಟ್ ಹಾರ್ಟ್ ಎದುರು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್. ಪಂದ್ಯ ಶುರುವಾದಾಗ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಕೊನೆಗೆ ಬ್ರೆಟ್ ಶಾರ್ಪ್‌ಶೂಟರ್ ಅನ್ನುವ ಕಾಲಿನ ಪಟ್ಟು ಹಾಕಿದ. ಆಸ್ಟಿನ್ ಹಣೆಯಿಂದ ರಕ್ತ ಸುರಿಯುತ್ತಿದೆ, ಹಲ್ಲಿನ ಸಂದಿಯೆಲ್ಲ ಕೆಂಪು, ಕೈ ಬಡಿಯಲೇ ಇಲ್ಲ. ಎಚ್ಚರ ತಪ್ಪಿ ಬಿದ್ದ. ರೆಫರಿ ಪಂದ್ಯ ನಿಲ್ಲಿಸಿದ. ಕಾಗದದ ಮೇಲೆ ಆಸ್ಟಿನ್ ಸೋತ. ಅದೇ ಸೋಲಿನಿಂದ ಅವನು ಜನರ ಹೀರೋ ಆದ, ಬಿದ್ದವನನ್ನು ಬಿಡದೆ ಹೊಡೆದ ಬ್ರೆಟ್ ವಿಲನ್ ಆದ. ಒಂದೇ ಪಂದ್ಯದಲ್ಲಿ ಇಬ್ಬರೂ ಜಾಗ ಅದಲುಬದಲು.

ನೋಡಿ, ಯಾರು ಗೆಲ್ಲಬೇಕು ಅನ್ನುವುದು ಬರೆದುಕೊಟ್ಟದ್ದು. ಹೇಗೆ ಸೋಲುತ್ತಾನೆ ಅನ್ನುವುದು ಮಾತ್ರ ಆ ಮನುಷ್ಯನದ್ದು. ಅದಕ್ಕೇ ಟ್ಯಾಪ್ ನನಗೂ ಚುಚ್ಚಿತು.

ನೆಟ್‌ಫ್ಲಿಕ್ಸ್ ಪೀಳಿಗೆ

ನನಗೆ 19 ವರ್ಷ. ಆಸ್ಟಿನ್ ಪಂದ್ಯವನ್ನು ನಾನು ಫೋನಿನಲ್ಲಿ ನೋಡಿದ್ದು, ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆಸ್ಟಿನ್‌ಗೆ ಆಗ ಮುಂದೆ ದಾರಿ ಇತ್ತು, ಕೈ ಬಡಿಯದೆ ಇದ್ದದ್ದು ಅವನ ನಾಳೆಗೋಸ್ಕರ. ಸೀನಾಗೆ ನಾಳೆ ಇರಲಿಲ್ಲ. ಅವನು ಕೈ ಬಡಿದದ್ದು ಗುಂಥರ್‌ನ ನಾಳೆಗೋಸ್ಕರ. ಇನ್ನು ಹತ್ತು ವರ್ಷ ಆದರೂ ‘ಸೀನಾ ಕೈಯಲ್ಲಿ ಟ್ಯಾಪ್ ಮಾಡಿಸಿದವನು’ ಅಂತಲೇ ಅವನನ್ನು ಕರೆಯುತ್ತಾರೆ. ಮೂರು ಎಣಿಸಿ ಸೋಲಿಸಿದವರು ಸಾಲುಗಟ್ಟಿ ಇದ್ದಾರೆ ಅಣ್ಣ.

ಟ್ರಂಪ್‌ಕಾರ್ಡ್ ಗಿರಾಕಿ

ಹುಡುಗ ಮಾತಾಡುತ್ತಾನೆ. ಆದರೂ ಹೊಟ್ಟೆ ತಣ್ಣಗಾಗಲಿಲ್ಲ.

ಕರಾವಳಿ ಮಾಣಿ

ಫೇಕ್ ಫೇಕ್ ಅನ್ನುವವರಿಗೆ ಒಂದು ಮಾತು ಮಾರಾಯ್ರೆ. ನಮ್ಮಲ್ಲಿ ಗದಾಯುದ್ಧದ ಪ್ರಸಂಗ ಇದ್ದರೆ ಬೆಳಗಿನ ಜಾವದವರೆಗೂ ಜನ ಕೂರುತ್ತಾರೆ. ಕೌರವನ ತೊಡೆ ಮುರಿಯುತ್ತದೆ ಅಂತ ಪುಟ್ಟ ಮಕ್ಕಳಿಗೂ ಗೊತ್ತು. ಆದರೂ ಕೂರುವುದು ಯಾಕೆ? ಇವತ್ತಿನ ವೇಷಧಾರಿ ಹೇಗೆ ಬೀಳುತ್ತಾನೆ, ಬೀಳುವ ಮೊದಲು ಏನು ಹೇಳುತ್ತಾನೆ ಅಂತ ನೋಡುವುದಕ್ಕೆ. ಕೆಟ್ಟವನ ಪಾತ್ರಕ್ಕೆ ಅವರು ಹೀಲ್ ಅನ್ನುತ್ತಾರಲ್ಲ, ಅದು ನಮ್ಮ ಬಣ್ಣದ ವೇಷ. ರಂಗಸ್ಥಳಕ್ಕೆ ಬರುವ ಮೊದಲೇ ಆರ್ಭಟ ಶುರು. ಅಂಡರ್‌ಟೇಕರ್ ಬರುವಾಗ ಗಂಟೆ ಹೊಡೆದು ದೀಪ ಆರಿಸುತ್ತಿದ್ದರು, ನಮ್ಮಲ್ಲಿ ಚೆಂಡೆ. ಅಷ್ಟೇ ವ್ಯತ್ಯಾಸ.

ಕಬ್ಬಿಣದ ಕುರ್ಚಿ

ಯಕ್ಷಗಾನಕ್ಕೆ ಹೋಲಿಸಬೇಡಿ. ಅಲ್ಲಿ ಕೌರವ ಆಟ ಮುಗಿಸಿ ಎದ್ದು ಚಾ ಕುಡಿಯುತ್ತಾನೆ. ಇಲ್ಲಿ ಬಿದ್ದವರು ಏಳದೇ ಇದ್ದದ್ದೂ ಇದೆ.

ಹಳೇ ಕೇಬಲ್

ಈಗ ನೀವೇ ನಮ್ಮ ಕಡೆ ಬಂದಿರಿ ಕುರ್ಚಿ ಸಾಹೇಬರೇ :)

ಆದರೆ ಮಾತು ನಿಜ. ರಿಂಗಿನ ನೆಲ ಹಾಸಿಗೆ ಅಲ್ಲ. ಕಬ್ಬಿಣದ ಚೌಕಟ್ಟು, ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳನೆ ಫೋಮು, ಕ್ಯಾನ್ವಾಸು. ಅಲ್ಲಿ ಬೆನ್ನು ಹಾಕಿ ಬೀಳುವುದನ್ನು ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಮ್ಯಾನ್‌ಕೈಂಡ್ ಅನ್ನುವ ಕುಸ್ತಿಯವನು ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಟೇಬಲ್ ಮೇಲೆ ಬಿದ್ದ. ಸ್ಟ್ರೆಚರ್‌ನಿಂದ ಎದ್ದು ಮತ್ತೆ ಹತ್ತಿದ. ಈ ಸಲ ಪಂಜರದ ಜಾಲರಿ ಕಿತ್ತುಕೊಂಡು ಒಳಗೆ ಬಿದ್ದ. ಮೊದಲನೆಯದು ಮಾತಾಡಿಕೊಂಡದ್ದು, ಎರಡನೆಯದು ಅಲ್ಲ. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಹಾರ್ಟ್ ಮೇಲಿಂದ ಹಗ್ಗದಲ್ಲಿ ಇಳಿದು ಬರಬೇಕಿತ್ತು. ಕೊಕ್ಕೆ ಬಿಚ್ಚಿಕೊಂಡು ಬಿದ್ದು ಸತ್ತ. ಅವತ್ತು ಕಾರ್ಯಕ್ರಮ ನಿಲ್ಲಿಸಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಲೀಟಾ ಅಭಿಮಾನಿ

ಹಳೇದೆಲ್ಲ ಚಿನ್ನ ಅನ್ನುವವರು ಇಲ್ಲಿ ಜಾಸ್ತಿ ಇದ್ದಾರೆ, ಅದಕ್ಕೆ ಸ್ವಲ್ಪ ಮೆಣಸಿನಕಾಯಿ ಹಾಕುತ್ತೇನೆ.

1999–2000ರ ಸುಮಾರಿಗೆ ನಾನು ಅಣ್ಣನ ಜೊತೆ ಕೂತು ನೋಡುತ್ತಿದ್ದೆ. ಹೆಂಗಸರ ಪಂದ್ಯ ಬಂದ ಕೂಡಲೇ ರಿಮೋಟ್ ಎಲ್ಲಿದೆ ಅಂತ ಹುಡುಕುತ್ತಿದ್ದೆವು, ಯಾಕೆಂದರೆ ಎದುರಾಳಿಯ ಬಟ್ಟೆ ಕಳಚಿದವಳೇ ಗೆದ್ದಂತೆ ಅನ್ನುವ ಪಂದ್ಯಗಳನ್ನೂ ಇಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಅದೇ ಬರುತ್ತಿತ್ತು. ನೀವು ಹಾಡಿ ಹೊಗಳುವ ಆಟಿಟ್ಯೂಡ್ ಕಾಲ ಇದು.

ಅಂಥದ್ದರಲ್ಲೇ 2004ರ ಡಿಸೆಂಬರ್ 6ರಂದು ಲೀಟಾ ಮತ್ತು ಟ್ರಿಷ್ ವಾರವಾರದ ರಾ ಕಾರ್ಯಕ್ರಮದ ಕೊನೆಯ, ಅಂದರೆ ಮುಖ್ಯ ಪಂದ್ಯ ಆಡಿದರು. ಲೀಟಾ ಹಗ್ಗದ ನಡುವೆ ಹೊರಗೆ ಹಾರಿ ತಲೆ ಅಡಿಯಾಗಿ ಬಿದ್ದದ್ದು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ. ಎದ್ದು ಪಂದ್ಯ ಮುಗಿಸಿ ಚಾಂಪಿಯನ್ ಬೆಲ್ಟ್ ಗೆದ್ದಳು. ಆಮೇಲೂ ಹತ್ತು ವರ್ಷ ಹೆಂಗಸರಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ. 2015ರ ಫೆಬ್ರವರಿಯಲ್ಲಿ ಒಂದು ಪಂದ್ಯ ಅರ್ಧ ನಿಮಿಷಕ್ಕೇ ಮುಗಿಯಿತು. ಜನ ರೊಚ್ಚಿಗೆದ್ದು ಟ್ವಿಟರ್ ತುಂಬ ಕೂಗಾಡಿದರು. 2019ರಲ್ಲಿ ಬೆಕಿ ಲಿಂಚ್, ರೌಸಿ, ಷಾರ್ಲೆಟ್ ಮೂವರೂ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಆಡಿದರು. 35ನೇ ರೆಸಲ್‌ಮೇನಿಯಾ ಅದು. 35!

ನನ್ನ ಮಗಳು ಈಗ ರಿಯಾ ರಿಪ್ಲಿ ಥರ ಕಣ್ಣಿಗೆ ಕಪ್ಪು ಹಚ್ಚಿಕೊಂಡು ಸೋಫಾ ಮೇಲಿಂದ ಹಾರುತ್ತಾಳೆ. ನಾನು ರಿಮೋಟ್ ಹುಡುಕಬೇಕಾಗಿಲ್ಲ. ಹೊಸದೇ ನನಗೆ ಇಷ್ಟ.

ಹಳೇ ಕೇಬಲ್

ಅಕ್ಕ, ಇದಕ್ಕೆ ಎದುರು ಮಾತಿಲ್ಲ.

ಮಟ್ಟಿ ಮಣ್ಣು

ಮೈಸೂರಿನವನು. ತಾತ ಗರಡಿಯಲ್ಲಿ ಮಣ್ಣು ಹೊತ್ತವರು. ಟಿವಿಯಲ್ಲಿ ಇದು ಬಂದರೆ ‘ಬೊಂಬೆಯಾಟ ನಿಲ್ಲಿಸ್ರೋ’ ಅನ್ನುತ್ತಿದ್ದರು. ಆದರೆ ಅವರೇ ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಕುಸ್ತಿಯ ಕಥೆ ಹೇಳುವಾಗ ಕುರ್ಚಿ ತುದಿಗೆ ಬಂದು ಕೂರುತ್ತಿದ್ದರು. ಕಿಂಗ್ ಕಾಂಗ್ 200 ಕಿಲೋ, ಅವನನ್ನು ತಲೆ ಮೇಲೆ ಎತ್ತಿ ತಿರುಗಿಸಿದ, ಹೀಗೆ. ಅದೂ ಟಿಕೆಟ್ ಕೊಟ್ಟು ನೋಡುವ ಊರೂರು ತಿರುಗಾಟದ ಕುಸ್ತಿಯೇ ತಾತ ಅಂದರೆ ಮಾತು ಬದಲಿಸುತ್ತಿದ್ದರು. 2018ರಲ್ಲಿ ದಾರಾ ಸಿಂಗ್ ಹೆಸರನ್ನು ಅದೇ ‘ಬೊಂಬೆಯಾಟ’ದವರು ತಮ್ಮ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ತಾತ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿ ಕಾಲೆಳೆಯುತ್ತಿದ್ದೆ.

ಸೋಲಿನ ವಿಷಯಕ್ಕೆ ಬರುತ್ತೇನೆ. ನಾಡಕುಸ್ತಿಯಲ್ಲಿ ಟ್ಯಾಪ್ ಅನ್ನುವುದೇ ಇಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಷ್ಟೇ. ಮನಸ್ಸು ಒಪ್ಪಿತೋ ಬಿಟ್ಟಿತೋ ಯಾರಿಗೂ ಬೇಡ. ಹಾಗೇ ವಿಜಯದಶಮಿ ದಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿ. ತಲೆ ಬೋಳಿಸಿಕೊಂಡು ಬರುತ್ತಾರೆ, ನೆತ್ತಿಯಿಂದ ಮೊದಲ ಹನಿ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಅಮೆರಿಕದವರು ಹಣೆಗೆ ಬ್ಲೇಡ್ ಎಳೆದುಕೊಂಡು ಕತೆ ಶುರು ಮಾಡುತ್ತಾರೆ. ನಮ್ಮಲ್ಲಿ ರಕ್ತ ಬಂದರೆ ಕತೆ ಮುಗಿಯಿತು.

ನನ್ನ ಪ್ರಕಾರ ಕೈ ಬಡಿಯುವುದೇ ಎಲ್ಲಕ್ಕಿಂತ ಕಷ್ಟದ ಸೋಲು. ಬೆನ್ನು ತಾಗಿದರೆ ‘ಕಾಲು ಜಾರಿತು’ ಅಂತ ಮನೆಯಲ್ಲಿ ಹೇಳಿಕೊಳ್ಳಬಹುದು. ಕೈ ಬಡಿದವನು ಏನು ಹೇಳುತ್ತಾನೆ?

ಕಬ್ಬಿಣದ ಕುರ್ಚಿ

ಗ್ರೇಟ್ ಖಲಿ ಕೈಲೂ ಟ್ಯಾಪ್ ಮಾಡಿಸಿದ್ದ ಅಲ್ವಾ ಈ ಸೀನಾ? ಆಗ ಯಾರೂ ಅಳಲಿಲ್ಲ.

ಟ್ರಂಪ್‌ಕಾರ್ಡ್ ಗಿರಾಕಿ

ಅಳಲಿಲ್ಲ ಅಂತ ಯಾರು ಹೇಳಿದ್ದು? 2007ರ ಮೇ, ಜಡ್ಜ್‌ಮೆಂಟ್ ಡೇ ಕಾರ್ಯಕ್ರಮ. ಖಲಿ ಕಾಲು ಹಗ್ಗದ ಕೆಳಗೆ ಇತ್ತು. ರೆಫರಿ ನೋಡಲೇ ಇಲ್ಲ. ನಾವು ಟಿವಿಗೆ ಬೈದದ್ದು ಬೀದಿಗೆಲ್ಲ ಕೇಳಿಸಿತ್ತು. ಎರಡು ತಿಂಗಳಾದ ಮೇಲೆ ಸ್ಮ್ಯಾಕ್‌ಡೌನ್ ಕಾರ್ಯಕ್ರಮದಲ್ಲಿ ಖಲಿ ವರ್ಲ್ಡ್ ಹೆವಿವೇಯ್ಟ್ ಬೆಲ್ಟ್ ಗೆದ್ದಾಗ ನಮ್ಮ ಪಿಜಿಯಲ್ಲಿ ಎಲ್ಲರಿಗೂ ಮಸಾಲೆ ಪುರಿ ಕೊಡಿಸಿದ್ದೆ.

ನೆಟ್‌ಫ್ಲಿಕ್ಸ್ ಪೀಳಿಗೆ

ಖಲಿ ಪಂದ್ಯ ಈಗ ನೋಡಲು ಆಗುತ್ತದಾ ಅಣ್ಣ? ನಿಜ ಹೇಳಿ.

ಟ್ರಂಪ್‌ಕಾರ್ಡ್ ಗಿರಾಕಿ

ಆಗುವುದಿಲ್ಲ. ನಡೆಯುವುದಕ್ಕೇ ಕಷ್ಟಪಡುತ್ತಿದ್ದ. ಆದರೆ ಹಿಮಾಚಲದ ಹಳ್ಳಿಯಿಂದ ಬಂದು ಪಂಜಾಬ್ ಪೊಲೀಸ್‌ನಲ್ಲಿದ್ದ ಮನುಷ್ಯ 2006ರಲ್ಲಿ ಮೊದಲ ದಿನವೇ ಅಂಡರ್‌ಟೇಕರ್ ತಲೆ ಮೇಲೆ ಕೈ ಇಟ್ಟು ಕೆಡವಿದ. ಪಟ್ಟಿನ ಲೆಕ್ಕ ಅವತ್ತು ಯಾರಿಗೆ ಬೇಕಿತ್ತು?

ಜಿಂದರ್ ಮಹಲ್ ಬೇರೆ ಮಾತು. 2017ರ ಮೇ 21ರಂದು ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಹುಟ್ಟಿದ್ದು ಕೆನಡಾದಲ್ಲಿ, ಆದರೂ ಭಾರತದ ಮಾರುಕಟ್ಟೆಗೋಸ್ಕರ ನಮ್ಮ ಮುಂದೆ ನಿಲ್ಲಿಸಿದರು. ಡಿಸೆಂಬರ್‌ನಲ್ಲಿ ದೆಹಲಿಗೆ ಬರುವ ಒಂದು ತಿಂಗಳು ಮೊದಲೇ ಬೆಲ್ಟ್ ಕಿತ್ತುಕೊಂಡು ಎಜೆ ಸ್ಟೈಲ್ಸ್‌ಗೆ ಕೊಟ್ಟರು. ದೆಹಲಿಯಲ್ಲಿ ಟ್ರಿಪಲ್ ಎಚ್ ಕೈಲೂ ಸೋಲಿಸಿದರು. ಮದುವೆಗೆ ಕರೆದು ಊಟ ಇಲ್ಲ ಅಂದ ಹಾಗೆ.

ಕರಾವಳಿ ಮಾಣಿ

ಅಂಡರ್‌ಟೇಕರ್ ಅಂದ ಕೂಡಲೇ ನೆನಪಾಯಿತು. ಅವನಿಗೆ ಏಳು ಜೀವ ಅಂತ ನಿಮ್ಮ ಶಾಲೆಯಲ್ಲೂ ಹೇಳುತ್ತಿದ್ದರಾ? ಸತ್ತು ಸತ್ತು ಬರುತ್ತಾನೆ ಅಂತ? ಮತ್ತೆ ಅಕ್ಷಯ್ ಕುಮಾರ್ ಸಿನಿಮಾದಲ್ಲಿ ಹೊಡೆದದ್ದು ನಿಜವಾದ ಅಂಡರ್‌ಟೇಕರ್‌ಗೇ ಅಂತ ನಾನು ಹತ್ತು ರೂಪಾಯಿ ಬಾಜಿ ಕಟ್ಟಿದ್ದೆ.

ಹಳೇ ಕೇಬಲ್

ಹತ್ತು ರೂಪಾಯಿ ಹೋಯಿತು ಅಂತಲೇ ಲೆಕ್ಕ. 1996ರ ‘ಖಿಲಾಡಿಯೋಂ ಕಾ ಖಿಲಾಡಿ’ಯಲ್ಲಿ ಇದ್ದವನು ಬ್ರಯಾನ್ ಲೀ. 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನಕಲಿ ಅಂಡರ್‌ಟೇಕರ್ ಆಗಿ ಅಸಲಿ ಅಂಡರ್‌ಟೇಕರ್ ಎದುರು ಆಡಿ ಸೋತವನೂ ಅವನೇ. ಅಲ್ಲಿ ನಕಲಿ, ಇಲ್ಲಿ ನಮಗೆ ಅಸಲಿ.

ಅಂಡರ್‌ಟೇಕರ್ ಹೊರಟುಹೋದ ರೀತಿ ಮಾತ್ರ ನನಗೆ ದೊಡ್ಡ ಬೇಸರ. 2014ರ ಏಪ್ರಿಲ್ 6, ನ್ಯೂ ಆರ್ಲಿಯನ್ಸ್. ರೆಸಲ್‌ಮೇನಿಯಾದಲ್ಲಿ 21 ಗೆಲುವು, ಒಂದೂ ಸೋಲಿಲ್ಲ. ಬ್ರಾಕ್ ಲೆಸ್ನರ್ ಮೂರನೇ ಸಲ ತನ್ನ ಎಫ್-5 ಪಟ್ಟು ಹಾಕಿ ಮಲಗಿಸಿದ. ಮೂರು ಎಣಿಸಿದರು. ಇಡೀ ಮೈದಾನ ಸುಮ್ಮನಾಯಿತು. ಪರದೆ ಮೇಲೆ 21-1 ಅಂತ ಬಂದಾಗಲೇ ನನಗೆ ನಂಬಿಕೆ ಬಂದದ್ದು. ಅಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು! 2017ರಲ್ಲಿ ರೋಮನ್ ರೇನ್ಸ್ ಕೈಯಲ್ಲಿ ಸೋತು ಕೈಗವಸು, ಕೋಟು, ಹ್ಯಾಟು ರಿಂಗಿನ ನಡುವೆ ಇಟ್ಟು ಹೋದ. ನನ್ನ ಹೆಂಡತಿಗೆ ಕುಸ್ತಿ ಅಂದರೆ ಅಷ್ಟಕ್ಕಷ್ಟೇ, ಅವಳೂ ಕಣ್ಣು ಒರೆಸಿಕೊಂಡಳು. ಮುಂದಿನ ವರ್ಷವೇ ವಾಪಸ್. 2019ರ ಜೂನ್‌ನಲ್ಲಿ ಜೆಡ್ಡಾದಲ್ಲಿ ಗೋಲ್ಡ್‌ಬರ್ಗ್ ಜೊತೆ ಆಡಿದ ಪಂದ್ಯ ನೋಡಿದವರಿಗೆ ಗೊತ್ತು. ಗೋಲ್ಡ್‌ಬರ್ಗ್ ತನ್ನ ಜಾಕ್‌ಹ್ಯಾಮರ್ ಪಟ್ಟಿಗೆ ಎತ್ತಿ ಅಂಡರ್‌ಟೇಕರ್‌ನನ್ನು ತಲೆ ಅಡಿಯಾಗಿ ಬೀಳಿಸಿದ. ಇಬ್ಬರೂ 50 ದಾಟಿದವರು. ಕುತ್ತಿಗೆ ಮುರಿಯದೇ ಇದ್ದದ್ದು ಪುಣ್ಯ.

ಷಾನ್ ಮೈಕಲ್ಸ್ ಕೂಡ ಹಾಗೇ. 2010ರಲ್ಲಿ ಅಂಡರ್‌ಟೇಕರ್‌ಗೆ ಸೋತು ಎಷ್ಟು ಚಂದ ಹೋಗಿದ್ದ. 2018ರಲ್ಲಿ ಸೌದಿಯಲ್ಲಿ ಒಂದು ಪಂದ್ಯಕ್ಕೆ ಬಂದು ಅದನ್ನೂ ಕೆಡಿಸಿಕೊಂಡ. ರಿಕ್ ಫ್ಲೇರ್ ಬಗ್ಗೆ ಹೇಳುವುದೇ ಬೇಡ, 2008ರಲ್ಲಿ ಅತ್ತುಕೊಂಡು ಹೋದವನು 2022ರವರೆಗೂ ‘ಕೊನೆಯ ಪಂದ್ಯ’ ಆಡಿದ.

ಟೊರೊಂಟೊ ಕನ್ನಡಿಗ

2025ರ ಮಾರ್ಚ್ 1ರಂದು ರೋಜರ್ಸ್ ಸೆಂಟರ್‌ನಲ್ಲಿ ನಾನು ಇದ್ದೆ. ಹೊರಗೆ ಕೊರೆಯುವ ಚಳಿ, ಒಳಗೆ ಬೆವರು. ಸೀನಾ ಆಗಿನ ಚಾಂಪಿಯನ್ ಕೋಡಿ ರೋಡ್ಸ್‌ನನ್ನು ತಬ್ಬಿಕೊಂಡ. ತಬ್ಬಿಕೊಂಡೇ ಕೋಡಿಯ ಭುಜದ ಮೇಲಿಂದ ರಾಕ್ (ಡ್ವೇನ್ ಜಾನ್ಸನ್) ಕಡೆ ನೋಡಿದ. ರಾಕ್ ಕುತ್ತಿಗೆ ಕೊಯ್ಯುವ ಸನ್ನೆ ಮಾಡಿದ. ಆಗ ಸೀನಾ ಮುಖದಿಂದ ನಗು ಇಳಿಯಿತು ನೋಡಿ, ಅದನ್ನು ದೊಡ್ಡ ಪರದೆಯಲ್ಲಿ ನೋಡಿ ನನ್ನ ಪಕ್ಕದಲ್ಲಿದ್ದ ಎಂಟು ವರ್ಷದ ಹುಡುಗ ‘ನೋ’ ಅಂತ ಕಿರುಚಿದ. ಅವನಪ್ಪ ನನಗಿಂತ ಜೋರಾಗಿ ಕಿರುಚಿದ. 20 ವರ್ಷ ಒಳ್ಳೆಯವನಾಗಿದ್ದವನು ಒಂದು ಒದೆಯಲ್ಲಿ ಕೆಟ್ಟವನಾದ.

ಆಮೇಲೆ ಏನಾಯಿತು? ಏನೂ ಇಲ್ಲ. ರೆಸಲ್‌ಮೇನಿಯಾಗೆ ರಾಕ್ ಬರಲೇ ಇಲ್ಲ. ಟ್ರಾವಿಸ್ ಸ್ಕಾಟ್ ಅನ್ನುವ ಹಾಡುಗಾರ ಬಂದು ನಡುವೆ ಕೈ ಹಾಕಿದ, ಸೀನಾ 17ನೇ ಬೆಲ್ಟ್ ಗೆದ್ದ. ಆಗಸ್ಟ್ ಹೊತ್ತಿಗೆ ಮತ್ತೆ ಒಳ್ಳೆಯವನು. ಯಾಕೆ ಕೆಟ್ಟವನಾದ, ಯಾಕೆ ಒಳ್ಳೆಯವನಾದ, ಸರಿಯಾಗಿ ಹೇಳಿದವರಿಲ್ಲ. ಹೊಸ ಕಾಲದ ತೊಂದರೆ ಇದು. ಒಂದು ಕ್ಷಣ ಮಾಡುವುದು ಗೊತ್ತು, ಅದರ ಹಿಂದೆ ಮುಂದೆ ಕಟ್ಟುವುದು ಗೊತ್ತಿಲ್ಲ. 1996ರ ಜುಲೈನಲ್ಲಿ ಹಲ್ಕ್ ಹೋಗನ್ ಕೆಟ್ಟವನಾದಾಗ ಅದರ ಮೇಲೆ ಎರಡು ವರ್ಷ ಕತೆ ನಡೆಸಿದರು.

ನೆಟ್‌ಫ್ಲಿಕ್ಸ್ ಪೀಳಿಗೆ

ರೋಮನ್ 1316 ದಿನ ಬೆಲ್ಟ್ ಇಟ್ಟುಕೊಂಡದ್ದು? ಅಣ್ಣ ತಮ್ಮಂದಿರ ಜಗಳ, ಸಾಮಿ ಝೇನ್ ಅವನ ಮೇಲೆ ಕುರ್ಚಿ ಎತ್ತಿದ್ದು? ಅದು ಕಟ್ಟಿದ ಕತೆ ಅಲ್ವಾ? ಎಲ್ಲದಕ್ಕೂ ಹೊಸಬರಿಗೆ ಬೈಬೇಡಿ.

ಟೊರೊಂಟೊ ಕನ್ನಡಿಗ

ಅದು ಸರಿ. ಒಪ್ಪಿದೆ. ಕೆನಡಾದವನೇ ಆದ ಸಾಮಿ ಝೇನ್ ವಿಷಯ ತೆಗೆದರೆ ಇಲ್ಲಿ ಇರುವವನು ಸುಮ್ನೆ ಇರಲೇಬೇಕು.

ಹಳೇ ಕೇಬಲ್

ಹೋಗನ್ ಹೆಸರು ಬಂತಲ್ಲ. ಸೋಲುವುದು ಬರದವನು ಅಂದರೆ ನನಗೆ ಅವನೇ. 1987ರಲ್ಲಿ ದೈತ್ಯ ಆಂಡ್ರೆ ಬೆನ್ನುನೋವಿನಲ್ಲಿ ನಿಲ್ಲಲೂ ಆಗದ ಸ್ಥಿತಿಯಲ್ಲಿದ್ದ. ಆದರೂ ಎತ್ತಿಸಿಕೊಂಡು ಬಿದ್ದು ಹೋಗನ್‌ನನ್ನು ದೇವರು ಮಾಡಿದ. ಅದೇ ಉಪಕಾರ ಹೋಗನ್ ಎಷ್ಟು ಜನಕ್ಕೆ ಮಾಡಿದ? 1997ರ ಡಿಸೆಂಬರ್‌ನಲ್ಲಿ ಸ್ಟಿಂಗ್ ಎದುರು ಸೋಲಬೇಕಿತ್ತು. ಒಂದು ವರ್ಷಕ್ಕಿಂತ ಜಾಸ್ತಿ ಜನ ಕಾದಿದ್ದರು. ಅದನ್ನೂ ಗೊಂದಲ ಮಾಡಿ ಮುಗಿಸಿದರು. ಗೋಲ್ಡ್‌ಬರ್ಗ್‌ಗೆ ಒಂದು ಸಲ ನೆಟ್ಟಗೆ ಸೋತ, 1998ರ ಜುಲೈ 6, ಅದನ್ನು ಕೊಡಲೇಬೇಕು.

2025ರ ಜನವರಿ 6ರಂದು ನೆಟ್‌ಫ್ಲಿಕ್ಸ್‌ನ ಮೊದಲ ರಾಗೆ ಹೋಗನ್ ಬಂದಾಗ ಜನ ಛೀಮಾರಿ ಹಾಕಿದರು. ಹಿಂದೆ ಆಡಿದ ಜನಾಂಗ ನಿಂದನೆಯ ಮಾತುಗಳನ್ನು ಅವರು ಮರೆತಿರಲಿಲ್ಲ. ಅದೇ ವರ್ಷ ಜುಲೈ 24ರಂದು ತೀರಿಕೊಂಡ. ಅವನ ಟೀ ಶರ್ಟ್ ಹರಿಯುವುದನ್ನು ನೋಡಿ ಬನಿಯನ್ ಹರಿದು ಏಟು ತಿಂದವನು ನಾನು. ಅವತ್ತು ಇಡೀ ದಿನ ಬೇಸರದಲ್ಲೇ ಇದ್ದೆ. ಬೂ ಅಂದವರದ್ದೂ ತಪ್ಪು ಅನ್ನಿಸುವುದಿಲ್ಲ.

ಕಬ್ಬಿಣದ ಕುರ್ಚಿ

ಸರಿ, ನಾನೂ ಒಂದು ಒಪ್ಪಿಕೊಳ್ಳುತ್ತೇನೆ. ಈ ಹೆಸರು ಇಟ್ಟುಕೊಂಡವನು ನೋಡುವುದು ಬಿಟ್ಟದ್ದು 2007ರ ಜೂನ್‌ನಲ್ಲಿ. ಕ್ರಿಸ್ ಬೆನ್ವಾ. ನನ್ನ ಗೋಡೆ ಮೇಲೆ ಇದ್ದದ್ದು ಅವನ ಪೋಸ್ಟರ್. ಹೆಂಡತಿ, ಏಳು ವರ್ಷದ ಮಗನನ್ನು ಕೊಂದು ತಾನೂ ಸತ್ತ. ಆಮೇಲೆ ಅವನ ಮೆದುಳು ಪರೀಕ್ಷೆ ಮಾಡಿದವರು ಪೆಟ್ಟು ತಿಂದು ತಿಂದು ಹಾಳಾಗಿದೆ ಅಂದರು. ತಲೆಗೆ ಕುರ್ಚಿಯಲ್ಲಿ ಹೊಡೆಯುವುದನ್ನು ಕಂಪನಿ ನಿಲ್ಲಿಸಿದ್ದು 2010ರಲ್ಲಿ. 1999ರಲ್ಲಿ ರಾಕ್ ಕೈಕೋಳ ಹಾಕಿದ ಮ್ಯಾನ್‌ಕೈಂಡ್ ತಲೆಗೆ ಕುರ್ಚಿಯಲ್ಲಿ ಹೊಡೆದದ್ದೇ ಹೊಡೆದದ್ದು. ನಾವು ಎಣಿಸುತ್ತಾ ಕೂಗಿದ್ದೆವು. ಮ್ಯಾನ್‌ಕೈಂಡ್‌ನ ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದರು.

ಫೇಕ್ ಅಂದುಕೊಂಡರೆ ನನಗೆ ಸ್ವಲ್ಪ ಸಮಾಧಾನ. ಅದಕ್ಕೇ ಅನ್ನುತ್ತಾ ಇರುತ್ತೇನೆ.

ಲೀಟಾ ಅಭಿಮಾನಿ

ಕುರ್ಚಿಯವರೇ, ಇದನ್ನು ಮೊದಲೇ ಹೇಳಬಾರದಿತ್ತಾ.

ಮಟ್ಟಿ ಮಣ್ಣು

ಹಾಗಾದರೆ ಸೀನಣ್ಣ ಕೈ ಬಡಿದು, ತನ್ನ ಕಾಲ ಮೇಲೆ ತಾನು ನಡೆದು ಹೋದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತಿದೆ ನನಗೆ. ಶೂ ಬಿಚ್ಚಿಟ್ಟು ಹೋದ.

ಟ್ರಂಪ್‌ಕಾರ್ಡ್ ಗಿರಾಕಿ

ಮತ್ತೆ ಆ ಕೊನೆಯ ಐದು ನಿಮಿಷ ಹಾಕಿ ನೋಡಿದೆ. ಆ ನಗು ನನಗೆ ಈಗ ಬೇರೆ ಥರ ಕಾಣುತ್ತಿದೆ. ಆದರೂ ಟ್ಯಾಪ್ ಒಪ್ಪುವುದಿಲ್ಲ. ಬೇಕಾದರೆ ಬೈಯಿರಿ.

ಅಂದಹಾಗೆ ಅಟ್ಟದ ಮೇಲೆ ಕುಸ್ತಿಯವರ ತೂಕ, ಎತ್ತರ ಹೋಲಿಸಿ ಆಡುವ ಹಳೇ ಟ್ರಂಪ್ ಕಾರ್ಡು ಸಿಕ್ಕವು. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡಿದೆ. 29 ಉಳಿದಿವೆ. ಯೋಕೊಜುನಾ ಇದ್ದಾನೆ, ‘ವೇಯ್ಟ್’ ಅಂತ ಕೂಗಿದರೆ ಎದುರಿಗೆ ಯಾರೂ ನಿಲ್ಲುವುದಿಲ್ಲ. ಜಯಂಟ್ ಗೊನ್ಸಾಲೆಸ್ ಇದ್ದಾನೆ, ‘ಹೈಟ್’ಗೆ. ಬ್ರೆಟ್ ಹಾರ್ಟ್ ಮಾತ್ರ ಇಲ್ಲ.

ಕಬ್ಬಿಣದ ಕುರ್ಚಿ

ನನ್ನ ಹತ್ತಿರ ಬ್ರೆಟ್ ಎರಡು ಇದೆ. ಯೋಕೊಜುನಾ ಕೊಟ್ಟರೆ ಒಂದು ಕೊಡುತ್ತೇನೆ.

ಟ್ರಂಪ್‌ಕಾರ್ಡ್ ಗಿರಾಕಿ

ಯೋಕೊಜುನಾ ಕೊಡಲ್ಲ. ಬೇಕಾದರೆ ಖಲಿ ತಗೊಳ್ಳಿ.